ಬಟ್ಟೆ ಏನನ್ನು ತಡೆಯುತ್ತೆ ಅಂತ ಸುಂಕದವರು ಕೇಳಲ್ಲ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನೋ ಗಾದೆ ನಮ್ಮೆಲ್ಲರ ಮನೆಗಳಲ್ಲೂ ಓಡಾಡುತ್ತೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ ಲಕ್ಷ್ಮೀನರಸಿಂಹ ದೇವಸ್ಥಾನ ಕಟ್ಟಿಸಿದ್ದು 1246ರಲ್ಲಿ. ಆ ಹೊತ್ತಿಗಾಗಲೇ ಸುಂಕ, ಹೆಜ್ಜುಂಕ ಅನ್ನೋ ಪದಗಳು ಕನ್ನಡ ಶಾಸನಗಳಲ್ಲಿ ಬೇಕಾದಷ್ಟು ಕಡೆ ಬಂದುಹೋಗಿದ್ದವು. ಎತ್ತಿನ ಮೇಲೆ ಬಂದ ಹೇರು ಯಾವುದು, ಎಷ್ಟು ಅನ್ನೋದು ಆಗಿನ ಪ್ರಶ್ನೆ. ಕಂಟೇನರ್‌ನಲ್ಲಿ ಬಂದ ಸರಕಿಗೆ ಈಗಲೂ ಅದೇ ಪ್ರಶ್ನೆ. ಉತ್ತರವನ್ನು ಮಾತ್ರ ಎಂಟು ಅಂಕಿಗಳಲ್ಲಿ ಬರೆಯಬೇಕು.

ಆ ಎಂಟು ಅಂಕಿಗಳ ಬಗ್ಗೆ ನಮಗೆ ಕುತೂಹಲ ಹುಟ್ಟಿದ್ದು ಔಷಧಿ ಹೊಡೆಯುವ ಬಟ್ಟೆಯಿಂದ. ನುಗ್ಗೇಹಳ್ಳಿ ಸುತ್ತ ತೆಂಗು, ಹಾಸನದ ಕಡೆ ಆಲೂಗೆಡ್ಡೆ. ಆಲೂಗೆಡ್ಡೆಗೆ ಅಂಗಮಾರಿ ಬಂತೆಂದರೆ ಔಷಧಿ ಹೊಡೆಯಲೇಬೇಕು, ಹೊಡೆಯುವವರ ಮೈಮೇಲೆ ಸಾಮಾನ್ಯವಾಗಿ ಇರೋದು ಹಳೇ ಅಂಗಿ, ಮುಖಕ್ಕೊಂದು ಟವೆಲ್. ಒಂದು ರೈತರ ಗುಂಪು ಹೊರದೇಶದಿಂದ ಹತ್ತು ರಕ್ಷಾ ಸೂಟು ತರಿಸಿಕೊಳ್ಳೋಣ ಅಂತ ಹೊರಟಿತು ಅಂದುಕೊಳ್ಳಿ. ಕಸ್ಟಮ್ಸ್‌ಗೆ ಕೊಡುವ ಬಿಲ್ ಆಫ್ ಎಂಟ್ರಿಯಲ್ಲಿ 'ರೈತರ ಜೀವ ಉಳಿಸುವ ಬಟ್ಟೆ' ಅಂತ ಬರೆಯೋಕೆ ಜಾಗವೇನೋ ಇದೆ. ಆದರೆ ಸುಂಕ ನಿರ್ಧಾರವಾಗೋದು ಪಕ್ಕದ ಕೋಡ್‌ನಿಂದ. ಮತ್ತು ಆ ಕೋಡ್ ಪುಸ್ತಕದಲ್ಲಿ 'ರಕ್ಷಾ ಉಡುಪು' ಅನ್ನೋ ಅಧ್ಯಾಯವೇ ಇಲ್ಲ.

ಪುಸ್ತಕ ಅಂದರೆ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿ. ಅದರ ಬೆನ್ನೆಲುಬು ವಿಶ್ವ ಕಸ್ಟಮ್ಸ್ ಸಂಸ್ಥೆಯ ಹಾರ್ಮನೈಸ್ಡ್ ಸಿಸ್ಟಮ್, ಎಲ್ಲರೂ ಎಚ್‌ಎಸ್ ಅನ್ನೋದು. 1988ರ ಜನವರಿ 1ರಿಂದ ಜಾರಿಯಲ್ಲಿದೆ, 200ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳು ಬಳಸುತ್ತವೆ. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕಾದರೆ ಶೀರ್ಷಿಕೆ, ಆರಾದರೆ ಉಪಶೀರ್ಷಿಕೆ. ಇಲ್ಲಿವರೆಗೆ ಜಗತ್ತಿಗೆಲ್ಲ ಒಂದೇ. ಕೊನೆಯ ಎರಡು ನಮ್ಮ ದೇಶದವು. ಜಿಎಸ್‌ಟಿಯಲ್ಲಿ ಎಚ್‌ಎಸ್‌ಎನ್ ಅಂತ ಬಿಲ್ ಮೇಲೆ ನೋಡ್ತೀರಲ್ಲ, ಅದೂ ಇದೇ ಮರದ ಕೊಂಬೆ.

ಈ ಪುಸ್ತಕ ಸರಕನ್ನು ಬಹುಪಾಲು 'ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು' ಅಂತ ವಿಂಗಡಿಸುತ್ತೆ. 'ಏತಕ್ಕೆ' ಅನ್ನೋದು ಕೆಲವೇ ಕಡೆ ತಲೆ ಹಾಕುತ್ತೆ. ನಮ್ಮ ಲ್ಯಾಬುಗಳಲ್ಲೇ ಸಿಗುವ ಕೈಗವಸುಗಳನ್ನು ನೋಡಿದರೆ ವಿಷಯ ಬೇಗ ಅರ್ಥವಾಗುತ್ತೆ.

ಕೆಮಿಸ್ಟ್ರಿ ಲ್ಯಾಬಿನ ನೀಲಿ ನೈಟ್ರೈಲ್ ಗ್ಲೌಸ್ ರಬ್ಬರಿನದು, ಶೀರ್ಷಿಕೆ 4015. ಅದೇ ಥರ ಕಾಣುವ ತೆಳ್ಳನೆಯ ಪಿವಿಸಿ ಗ್ಲೌಸ್ ಪ್ಲಾಸ್ಟಿಕ್, 3926. ವೆಲ್ಡಿಂಗ್ ಶೆಡ್ಡಿನ ಚರ್ಮದ ಗ್ಲೌಸ್ 4203. ಮೆಷಿನ್ ಶಾಪಿನಲ್ಲಿ ಶೀಟ್ ಮೆಟಲ್ ಹಿಡಿಯೋಕೆ ಕೊಡುವ, ಅಂಗೈಗೆ ರಬ್ಬರ್ ಅದ್ದಿದ ಹೆಣೆದ ಗ್ಲೌಸ್ 6116. ನಾಲ್ಕೂ ಕೈ ಕಾಯುತ್ತವೆ, ನಾಲ್ಕೂ ನಾಲ್ಕು ಅಧ್ಯಾಯ. ತಮಾಷೆ ಏನೆಂದರೆ 4015ರ ಒಳಗೆ ಹೋದ ಮೇಲೆ ಉಪಯೋಗದ ಪ್ರಶ್ನೆ ಬರುತ್ತೆ: 2022ರ ಆವೃತ್ತಿಯಲ್ಲಿ ವೈದ್ಯಕೀಯ, ಶಸ್ತ್ರಚಿಕಿತ್ಸೆ, ದಂತ, ಪಶುವೈದ್ಯ ಬಳಕೆಯ ಬಗೆಯವು 4015 12, ಉಳಿದವು 4015 19. ರೇಡಿಯಾಲಜಿಯವರು ತೊಡುವ ಸೀಸ ಬೆರೆಸಿದ ರಬ್ಬರ್ ಉಡುಪು ಎಕ್ಸ್‌ರೇ ಯಂತ್ರದ ಜೊತೆ ಹೋಗುತ್ತೆ ಅಂತ ನಾವು ಊಹಿಸಿದ್ದೆವು; ಅದೂ ರಬ್ಬರ್ ಉಡುಪುಗಳ ಸಾಲಿನಲ್ಲೇ, 4015ರಲ್ಲೇ ನಿಲ್ಲುತ್ತೆ.

ತಲೆಗೆ ಬಂದರೆ ಲೆಕ್ಕ ಉಲ್ಟಾ. ಸುರಕ್ಷತಾ ಹೆಲ್ಮೆಟ್ ಯಾವ ವಸ್ತುವಿನದಾದರೂ 6506 10. ಕಣ್ಣಿನ ಗಾಗಲ್ 9004. ಇವುಗಳ ಹೆಸರಲ್ಲೇ ಕೆಲಸ ಇದೆ. ಶೂ ಇನ್ನೂ ಸ್ವಾರಸ್ಯ. 6403 40 ಅನ್ನೋದು ಬೆರಳು ಕಾಯುವ 'ಲೋಹದ' ಟೋಕ್ಯಾಪ್ ಇರುವ ಚರ್ಮದ ಶೂಗೆ. 200 ಜೂಲ್ ಹೊಡೆತ ತಡೆಯೋ ಪರೀಕ್ಷೆಯನ್ನು ಇವತ್ತು ಕಾಂಪೊಸಿಟ್ ಟೋಕ್ಯಾಪ್ ಕೂಡ ಪಾಸಾಗುತ್ತೆ. ಆದರೆ ಅದು ಲೋಹ ಅಲ್ಲವಲ್ಲ, ಹಾಗಾಗಿ ಆ ಸಾಲಿನಲ್ಲಿ ಅದಕ್ಕೆ ಜಾಗ ಇಲ್ಲ, ಬೇರೆ ಉಪಶೀರ್ಷಿಕೆ ಹುಡುಕಬೇಕು. ಮೆಟೀರಿಯಲ್ ಸೈನ್ಸ್ ಓಡಿದಷ್ಟು ವೇಗವಾಗಿ ಟ್ಯಾರಿಫ್ ಓಡಲ್ಲ.

ಈಗ ಮೈಮೇಲಿನ ಬಟ್ಟೆಗೆ ಬರೋಣ. ನಿಜವಾದ ಇಕ್ಕಟ್ಟು ಇರೋದು ಇಲ್ಲೇ.

ಬಟ್ಟೆಯನ್ನು ಟ್ಯಾರಿಫ್ ಮೊದಲು ಹೆಣೆದದ್ದು, ನೇಯ್ದದ್ದು ಅಂತ ಬೇರೆ ಮಾಡುತ್ತೆ. ಟಿ-ಶರ್ಟಿನ ಹಾಗೆ ಕುಣಿಕೆ ಕುಣಿಕೆಯಾಗಿ ಹೆಣೆದ ಬಟ್ಟೆಯ ಉಡುಪು 61ನೇ ಅಧ್ಯಾಯ. ಪಂಚೆಯ ಹಾಗೆ ಹಾಸು ಹೊಕ್ಕಾಗಿ ನೇಯ್ದದ್ದು 62. ಎರಡೂ ಅಲ್ಲದ ಮೂರನೆಯದು ನಾನ್‌ವೋವನ್, ಎಳೆಗಳನ್ನು ಹರಡಿ ಬಿಸಿಯಲ್ಲೋ ಒತ್ತಡದಲ್ಲೋ ಅಂಟಿಸಿದ್ದು. ಬಟ್ಟೆ ಅಂಗಡಿಯಲ್ಲಿ ಸೀರೆ ಹಾಕಿಕೊಡುವ ಕೈಚೀಲ ಇದ್ಯಲ್ಲ, ಹತ್ತಿರ ಹಿಡಿದು ನೋಡಿದರೆ ಚುಕ್ಕಿ ಚುಕ್ಕಿ ಒತ್ತಿದ ಗುರುತು ಕಾಣುತ್ತೆ, ಅದೇ. ಇದರ ಶೀರ್ಷಿಕೆ 5603, ಇದರಿಂದ ಹೊಲಿದ ಉಡುಪು 6210 10. ಆಸ್ಪತ್ರೆಯ ಬಿಳಿ ಕವರಾಲ್‌ಗಳಲ್ಲಿ ಬಹಳಷ್ಟು ಇಲ್ಲಿಗೇ ಬರುತ್ತವೆ.

ಬರೀ ಎಳೆಯಿಂದ ರಕ್ತ, ರಾಸಾಯನಿಕ ನಿಲ್ಲಲ್ಲ, ಮೇಲೊಂದು ಪ್ಲಾಸ್ಟಿಕ್ ಪದರ ಬೇಕು. ಪದರ ಬಂದ ತಕ್ಷಣ ಇದು ಬಟ್ಟೆಯೋ ಪ್ಲಾಸ್ಟಿಕ್ಕೋ ಅನ್ನೋ ಜಗಳ. ಸಕಲೇಶಪುರದ ಮಳೆಯಲ್ಲಿ ತೊಡುವ ಎರಡು ರೇನ್‌ಕೋಟ್ ನೆನಪು ಮಾಡಿಕೊಳ್ಳಿ. ಒಂದು ಪೂರ್ತಿ ಪಿವಿಸಿ ಹಾಳೆಯದು, ಅದು ಪ್ಲಾಸ್ಟಿಕ್ ಉಡುಪು, 3926 20. ಇನ್ನೊಂದು ಪಾಲಿಯೆಸ್ಟರ್ ಬಟ್ಟೆಗೆ ಒಳಗಡೆ ಲೇಪ ಕೊಟ್ಟಿದ್ದು, ಬಟ್ಟೆ 5903ಕ್ಕೆ, ನೇಯ್ದದ್ದಾದರೆ ಕೋಟು 6210ಕ್ಕೆ. ಇವೆರಡರ ನಡುವೆ ಗೆರೆ ಎಲ್ಲಿ ಅಂತ 59ನೇ ಅಧ್ಯಾಯದ ಟಿಪ್ಪಣಿ ಹೇಳುತ್ತೆ. ನಾವು ಓದಿ ನಿಜಕ್ಕೂ ಖುಷಿಪಟ್ಟ ಕಾನೂನಿನ ಭಾಗ ಇದು, ಯಾಕೆಂದರೆ ಲ್ಯಾಬ್ ಮ್ಯಾನ್ಯುಯಲ್ ಥರ ಇದೆ.

ಮೊದಲನೆಯದು, ಲೇಪ ಬರಿಗಣ್ಣಿಗೆ ಕಾಣಬೇಕು. ಕಾಣದಿದ್ದರೆ ಅದು ಲೇಪವಿಲ್ಲದ ಮಾಮೂಲಿ ಬಟ್ಟೆ ಅಂತಲೇ ಲೆಕ್ಕ. ಬಣ್ಣ ಬದಲಾಗಿದೆ ಅನ್ನೋದನ್ನು ಪುರಾವೆಯಾಗಿ ತಗೊಳ್ಳಂಗಿಲ್ಲ. ಎರಡನೆಯದು, 7 ಮಿಲಿಮೀಟರ್ ವ್ಯಾಸದ ಸಿಲಿಂಡರಿನ ಸುತ್ತ, 15ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೈಯಿಂದ ಬಗ್ಗಿಸಿದಾಗ ಬಿರುಕು ಬಿಟ್ಟರೆ ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಸಾಲಿಗೆ. ಪೇಂಟ್ ಪದರಕ್ಕೆ ಮ್ಯಾಂಡ್ರೆಲ್ ಬೆಂಡ್ ಟೆಸ್ಟ್ ಮಾಡ್ತಾರಲ್ಲ, ಅದರ ತಮ್ಮ. ಮೂರನೆಯದು, ಬಟ್ಟೆ ಪ್ಲಾಸ್ಟಿಕ್ಕಿನೊಳಗೆ ಪೂರ್ತಿ ಹುದುಗಿದ್ದರೆ, ಅಥವಾ ಎರಡೂ ಕಡೆ ಪೂರ್ತಿ ಲೇಪವಾಗಿ ಅದು ಕಣ್ಣಿಗೆ ಕಾಣುವಂತಿದ್ದರೆ, ಅದನ್ನು ಬಟ್ಟೆ ಅಂತ ಕರೆಯಲ್ಲ. ನಾನ್‌ವೋವನ್‌ಗೆ 56ನೇ ಅಧ್ಯಾಯದಲ್ಲಿ ಪ್ರತ್ಯೇಕ ಟಿಪ್ಪಣಿ ಇದೆ: ಒಂದು ಮುಖಕ್ಕೆ ಫಿಲ್ಮ್ ಅಂಟಿಸಿದರೂ 5603ರಲ್ಲೇ ಉಳಿಯುತ್ತೆ, ಎರಡೂ ಮುಖ ಪೂರ್ತಿ ಮುಚ್ಚಿದರೆ ಹೊರಗೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರೋ ಕಾಲದಲ್ಲಿ ಬರಿಗಣ್ಣೇ ಅಂತ ನಗಬಹುದು. ಆದರೆ ಬಂದರಿನಲ್ಲಿ, ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಲ್ಲಿ, ದಿನಕ್ಕೆ ನೂರಾರು ಪೆಟ್ಟಿಗೆ ನೋಡುವವರಿಗೆ ಒಂದೇ ಥರ ಉತ್ತರ ಕೊಡುವ ಪರೀಕ್ಷೆ ಬೇಕು. ಕಣ್ಣು ಮತ್ತು ಒಂದು ಕಡ್ಡಿ ಎಲ್ಲ ದೇಶದಲ್ಲೂ ಸಿಗುತ್ತೆ.

ಇದೆಲ್ಲ ಕಾಗದದ ಮೇಲಿನ ಗೊಡವೆ ಅನ್ನಿಸಿದರೆ ಬೆಂಗಳೂರಿನ 2020 ನೋಡಿ. ಆ ವರ್ಷ ಜನವರಿ 31ಕ್ಕೆ ಕೇಂದ್ರ ಸರ್ಕಾರ ಪಿಪಿಇ ರಫ್ತು ನಿಷೇಧಿಸಿತು. ಒಳಗೆ ತಯಾರಿಕೆ ಇನ್ನೂ ಕುದುರಿರಲಿಲ್ಲ, ಹೊರಗಿನಿಂದ ಬರಬೇಕಿತ್ತು. ಏಪ್ರಿಲ್ 9ರಂದು 20/2020 ಸಂಖ್ಯೆಯ ಕಸ್ಟಮ್ಸ್ ಅಧಿಸೂಚನೆ ಬಂತು: ವೆಂಟಿಲೇಟರ್, ಮಾಸ್ಕ್, ಪಿಪಿಇ, ಕೋವಿಡ್ ಪರೀಕ್ಷಾ ಕಿಟ್, ಇವುಗಳ ತಯಾರಿಕೆಗೆ ಬೇಕಾದ ಕಚ್ಚಾ ಸಾಮಗ್ರಿಗೆ ಸೆಪ್ಟೆಂಬರ್ 30ರವರೆಗೆ ಮೂಲ ಕಸ್ಟಮ್ಸ್ ಸುಂಕ ಇಲ್ಲ. ಅದರಲ್ಲಿ ಪಿಪಿಇ ಎದುರಿಗೆ ಬರೆದ ಅಧ್ಯಾಯ '62 ಅಥವಾ ಯಾವುದೇ ಅಧ್ಯಾಯ'. ಪ್ಲಾಸ್ಟಿಕ್ಕೋ ಬಟ್ಟೆಯೋ ಅಂತ ವಾದ ಮಾಡಿಕೊಂಡು ಕೂರೋಕೆ ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಆ ನಾಲ್ಕು ಪದ ಇಡೀ ವರ್ಗೀಕರಣದ ಜಗಳವನ್ನು ಆರು ತಿಂಗಳ ಮಟ್ಟಿಗೆ ಪಕ್ಕಕ್ಕಿಟ್ಟವು.

ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿಎಸ್‌ಐಆರ್-ಎನ್‌ಎಎಲ್, ಅಂದರೆ ವಿಮಾನ ಸಂಶೋಧನೆಯ ಪ್ರಯೋಗಾಲಯ, ಎಂಎಎಫ್ ಕ್ಲೋದಿಂಗ್ ಕಂಪನಿ ಜೊತೆ ಸೇರಿ ಒಂದು ಕವರಾಲ್ ಮಾಡಿತು. ಪಾಲಿಪ್ರೊಪಿಲೀನ್ ಎಳೆಯ, ಹಲವು ಪದರದ, ಲ್ಯಾಮಿನೇಟ್ ಮಾಡಿದ ನಾನ್‌ವೋವನ್. ಕೊಯಮತ್ತೂರಿನ ಸಿಟ್ರಾದಲ್ಲಿ ಪರೀಕ್ಷೆ ಪಾಸಾಯಿತು. ಅಲ್ಲಿ ಕೃತಕ ರಕ್ತವನ್ನು ಒತ್ತಡದಲ್ಲಿ ಬಟ್ಟೆಗೆ ಒತ್ತಿ ಸೋರುತ್ತಾ ನೋಡ್ತಾರೆ. ತಿಂಗಳ ಕೊನೆಗೆ ದೇಶದಲ್ಲಿ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕವರಾಲ್ ಆಗ್ತಿವೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬೆಂಗಳೂರಿನಿಂದಲೇ ಅಂತ ಕೇಂದ್ರ ಸರ್ಕಾರ ಹೇಳಿತು. ಶರ್ಟು ಪ್ಯಾಂಟು ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಸಾಲುಗಳು ಅವು.

ಆ ರಕ್ತದ ಪರೀಕ್ಷೆ ಪಾಸಾದರೂ ಕೋಡ್ ಬದಲಾಗಲ್ಲ ಅನ್ನೋದನ್ನು ಗಮನಿಸಿ. ಐಎಸ್ 17423 ಮಾನಕ ಬಟ್ಟೆ ಏನು ತಡೆಯುತ್ತೆ ಅಂತ ಕೇಳುತ್ತೆ. 6210 10 ಬಟ್ಟೆ ಏನು ಅಂತ ಮಾತ್ರ ಕೇಳುತ್ತೆ. ಪರೀಕ್ಷೆಯಲ್ಲಿ ಫೇಲಾದ ಕವರಾಲ್‌ಗೂ ಅದೇ ಕೋಡ್. ಇನ್ನು ಬಟ್ಟೆಯನ್ನೇ ಥಾನುಗಟ್ಟಲೆ ತರಿಸುವವರಿಗೆ ತೂಕವೂ ಲೆಕ್ಕಕ್ಕೆ ಬರುತ್ತೆ. ಕೃತಕ ಫಿಲಮೆಂಟಿನ ನಾನ್‌ವೋವನ್‌ನಲ್ಲಿ ಚದರ ಮೀಟರಿಗೆ 25 ಗ್ರಾಂವರೆಗೆ 5603 11, 25 ದಾಟಿ 70ರವರೆಗೆ 12, 70 ದಾಟಿ 150ರವರೆಗೆ 13, ಅದರ ಮೇಲೆ 14. ನಿಮ್ಮ ಡೇಟಾಶೀಟ್‌ನಲ್ಲಿ '70 ಜಿಎಸ್‌ಎಂ, ಹೆಚ್ಚುಕಮ್ಮಿ ಶೇ. 5' ಅಂತ ಇದ್ದರೆ ಸರಕು ಎರಡು ಸಾಲಿನ ಮಧ್ಯದ ಗೋಡೆ ಮೇಲೆ ಕೂತಿದೆ ಅಂತ ಅರ್ಥ. ಟಾಲರೆನ್ಸ್ ಬರೆಯುವ ಇಂಜಿನಿಯರ್‌ಗೆ ಇದು ಗೊತ್ತಿರಲ್ಲ, ಕೋಡ್ ಬರೆಯುವ ಏಜೆಂಟರಿಗೆ ಟಾಲರೆನ್ಸ್ ಗೊತ್ತಿರಲ್ಲ.

ಮತ್ತೆ ಹೊಲಕ್ಕೆ ಹೋಗೋಣ. ಔಷಧಿ ಹೊಡೆಯುವವರಿಗೆಂದೇ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಸೆಪಿಯೋ ಹೆಲ್ತ್ ಜೊತೆ ಮಾಡಿದ 'ಕಿಸಾನ್ ಕವಚ' 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಆಗ ಹೇಳಿದ ಬೆಲೆ 4,000 ರೂಪಾಯಿ. ಬುದ್ಧಿವಂತಿಕೆ ಇರೋದು ಬಟ್ಟೆಯಲ್ಲಿ: ಹತ್ತಿ ಎಳೆಗೆ ಆಕ್ಸೈಮ್ ಅನ್ನೋ ರಾಸಾಯನಿಕ ಗುಂಪನ್ನು ಬಂಧ ಹಾಕಿ ಕೂರಿಸಿದ್ದಾರೆ, ಕೀಟನಾಶಕ ತಾಗಿದರೆ ಅದು ಅಲ್ಲೇ ಒಡೆದು ನಿಷ್ಕ್ರಿಯ ಆಗುತ್ತೆ. ಫಿಲ್ಮ್ ಹೊದಿಸಿದ ಸೂಟಿನ ಹಾಗೆ ಒಳಗೆ ಬೆಂದುಹೋಗಬೇಕಿಲ್ಲ, ಒಗೆದು ಮತ್ತೆ ತೊಡಬಹುದು.

ಇದನ್ನು ಟ್ಯಾರಿಫ್ ಕಣ್ಣಲ್ಲಿ ನೋಡಿದರೆ? ಆಕ್ಸೈಮ್ ಬರಿಗಣ್ಣಿಗೆ ಕಾಣಲ್ಲ. ಅದು ಪ್ಲಾಸ್ಟಿಕ್ ಪದರವೂ ಅಲ್ಲ. ಹಾಗಾಗಿ ನಮ್ಮ ಓದಿನ ಪ್ರಕಾರ ಇದು ಹತ್ತಿ ಬಟ್ಟೆ, ಅಷ್ಟೇ. ನೇಯ್ದಿದ್ದರೆ 62, ಹೆಣೆದಿದ್ದರೆ 61. ವರ್ಷಗಟ್ಟಲೆ ಸಂಶೋಧನೆ ಮಾಡಿದ ಬಟ್ಟೆಯೂ ಮದುವೆಗೆ ಹೊಲಿಸಿದ ಶೆರ್ವಾನಿಯೂ ಒಂದೇ ಮನೆ. ಜಿಎಸ್‌ಟಿ ಕೂಡ ಇದೇ ವರ್ಗೀಕರಣ ಹಿಡಿದು ನಡೆಯುತ್ತೆ: 2025ರ ಸೆಪ್ಟೆಂಬರ್ 22ರಿಂದ ಈ ಅಧ್ಯಾಯಗಳ ಉಡುಪು ಒಂದು ಪೀಸಿಗೆ 2,500 ರೂಪಾಯಿವರೆಗೆ ಇದ್ದರೆ ಶೇ. 5, ಮೀರಿದರೆ ಶೇ. 18. 4,000 ರೂಪಾಯಿಯ ಕವಚಕ್ಕೆ ಶೇ. 18 ಬೀಳುತ್ತಾ? ಇಲ್ಲೇ ಒಂದು ಸಣ್ಣ ಬಾಗಿಲಿದೆ. ಕವಚ ಅಂದರೆ ಪ್ಯಾಂಟು, ಮೇಲಂಗಿ, ಮುಖಗವಸು ಸೇರಿದ ಸೆಟ್. ಜವಳಿ ವಿಭಾಗದ ಟಿಪ್ಪಣಿಯೊಂದು, ಬೇರೆ ಬೇರೆ ಶೀರ್ಷಿಕೆಯ ಜವಳಿ ಉಡುಪುಗಳನ್ನು ಒಂದೇ ಪ್ಯಾಕಿನಲ್ಲಿ ಮಾರಿದರೂ ಅವವನ್ನು ಅದರದರ ಶೀರ್ಷಿಕೆಗೇ ಹಾಕಬೇಕು ಅನ್ನುತ್ತೆ. ಹಾಗೆ ಬಿಡಿಸಿದರೆ ಒಂದೊಂದು ಪೀಸೂ 2,500ರ ಒಳಗೆ ಬರಬಹುದು. ಆಲೂಗೆಡ್ಡೆ ಬೆಳೆಯುವವರಿಗೆ 4,000ದ ಮೇಲೆ 200 ರೂಪಾಯಿ ತೆರಿಗೆಗೂ 720 ರೂಪಾಯಿಗೂ ವ್ಯತ್ಯಾಸ ಸಣ್ಣದಲ್ಲ.

ಈ ಟಿಪ್ಪಣಿ ಬಟ್ಟೆ-ಬಟ್ಟೆಗೆ ಮಾತ್ರ. ಕವರಾಲ್ ಜೊತೆ ಗಾಗಲ್, ರಬ್ಬರ್ ಗ್ಲೌಸ್ ಸೇರಿಸಿ ಕಿಟ್ ಮಾಡಿದರೆ ಸಾಮಾನ್ಯ ನಿಯಮ 3(ಬಿ) ಬರುತ್ತೆ: ಚಿಲ್ಲರೆ ಮಾರಾಟಕ್ಕೆ ಜೋಡಿಸಿದ ಸೆಟ್‌ಗೆ ಅದರ ಮೂಲ ಗುಣ ಕೊಡುವ ವಸ್ತುವಿನ ಕೋಡ್. ಅಂದರೆ ಹೆಚ್ಚಾಗಿ ಕವರಾಲ್‌ನದು.

ಬೈಕ್ ಪ್ರಿಯರು ಇಲ್ಲಿವರೆಗೆ ಓದಿದ್ದರೆ ಅವರಿಗೂ ಒಂದು ಕಥೆ. ಅಮೆರಿಕದಲ್ಲಿ ಲೆಮಾನ್ಸ್ ಕಾರ್ಪೊರೇಷನ್ ಅನ್ನೋ ಆಮದುದಾರರು ಮೋಟೋಕ್ರಾಸ್ ಜೆರ್ಸಿ, ಪ್ಯಾಂಟು, ಪ್ಯಾಡ್ ಇರುವ ಬೈಕ್ ಜಾಕೆಟ್‌ಗಳನ್ನು 'ಇದು ಬಟ್ಟೆಯಲ್ಲ, ಕ್ರೀಡಾ ಸಲಕರಣೆ, 95ನೇ ಅಧ್ಯಾಯ' ಅಂತ ವಾದಿಸಿದರು. 2011ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ: ಪ್ಯಾಡ್ ಇದ್ದರೂ ಉಡುಪು ಉಡುಪೇ. ಅದೇ ನ್ಯಾಯಾಲಯ 2004ರಲ್ಲಿ ಬಾವರ್ ನೈಕಿಯ ಐಸ್ ಹಾಕಿ ಪ್ಯಾಂಟನ್ನು ಕ್ರೀಡಾ ಸಲಕರಣೆ ಅಂದಿತ್ತು, ಅದರಲ್ಲಿ ಗಟ್ಟಿ ಪ್ಲಾಸ್ಟಿಕ್ ರಕ್ಷಣೆಯೇ ಮುಖ್ಯವಾಗಿತ್ತು. ನಂತರ ಎಚ್‌ಎಸ್‌ನ 95ನೇ ಅಧ್ಯಾಯದ ಟಿಪ್ಪಣಿಯಲ್ಲೇ, ಮೊಣಕೈ ಮೊಣಕಾಲಿಗೆ ಪ್ಯಾಡ್ ಇರುವ ಕ್ರೀಡಾ ಬಟ್ಟೆ 61, 62ಕ್ಕೇ ಸೇರಿದ್ದು ಅಂತ ಬಿಡಿಸಿ ಬರೆದರು. ಫಾರ್ಮುಲಾ ಸ್ಟೂಡೆಂಟ್ ತಂಡದವರ ಬೆಂಕಿ ತಡೆಯುವ ಡ್ರೈವಿಂಗ್ ಸೂಟೂ, ನೇಯ್ದ ಅರಾಮಿಡ್ ಆಗಿದ್ದು ಲೇಪ ಇಲ್ಲದಿದ್ದರೆ, 6211ರ ಉಡುಪೇ.

ಕೋಡ್ ಬದಲಾದರೆ ದುಡ್ಡಿಗೆ ಏನಾಗುತ್ತೆ ಅಂತ ಲೆಕ್ಕ ಹಾಕೋಣ. ದರಗಳು ಬಜೆಟ್ಟಿಗೊಮ್ಮೆ ಬದಲಾಗುವುದರಿಂದ ಇವು ಉದಾಹರಣೆಗೆ ನಾವೇ ಇಟ್ಟುಕೊಂಡ ಅಂಕಿಗಳು. ಒಂದು ಲಕ್ಷ ರೂಪಾಯಿಯ ಸರಕು. ಮೊದಲ ಕೋಡ್‌ಗೆ ಮೂಲ ಸುಂಕ ಶೇ. 20, ಐಜಿಎಸ್‌ಟಿ ಶೇ. 5. ಸುಂಕ 20,000, ಅದರ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ 2,000, ಒಟ್ಟು 1,22,000ದ ಮೇಲೆ ಐಜಿಎಸ್‌ಟಿ 6,100. ಸೇರಿ 28,100. ಎರಡನೇ ಕೋಡ್‌ಗೆ ಸುಂಕ ಶೇ. 10, ಐಜಿಎಸ್‌ಟಿ ಶೇ. 18. ಸುಂಕ 10,000, ಸರ್ಚಾರ್ಜ್ 1,000, ಐಜಿಎಸ್‌ಟಿ 19,980. ಸೇರಿ 30,980. ಸುಂಕ ಅರ್ಧ ಆದರೂ ಕೈಯಿಂದ ಹೋಗೋದು ಜಾಸ್ತಿ! ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಬರುತ್ತೆ, ಅವರಿಗೆ ಎರಡನೆಯದೇ ಲಾಭ. ಸಣ್ಣ ರೈತರ ಗುಂಪಿಗೆ, ನಮ್ಮ ಕಾಲೇಜಿಗೆ ಆ ಕ್ರೆಡಿಟ್ ಸಿಗಲ್ಲ, ಅವರಿಗೆ ಮೊದಲನೆಯದು ಅಗ್ಗ.

ಅಂದಹಾಗೆ ಆಮದು ಅಂದರೆ ಹಡಗೇ ಹತ್ತಬೇಕು ಅಂತಿಲ್ಲ. ಹಾಸನದಲ್ಲಿ ಜವಳಿಯ ವಿಶೇಷ ಆರ್ಥಿಕ ವಲಯ ಇದೆ, ಹಿಮತ್‌ಸಿಂಗ್ಕಾದ ಕಾರ್ಖಾನೆ ಇರೋದು ಅಲ್ಲೇ. 2005ರ ಎಸ್‌ಇಝಡ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಂಥ ವಲಯದಿಂದ ಒಳನಾಡಿಗೆ ಬರುವ ಸರಕಿಗೆ ಆಮದಾದಾಗ ಎಷ್ಟೋ ಅಷ್ಟೇ ಕಸ್ಟಮ್ಸ್ ಸುಂಕ. ಅಲ್ಲಿಂದ ನುಗ್ಗೇಹಳ್ಳಿಗೆ ಒಂದು ಪೆಟ್ಟಿಗೆ ತಂದರೂ ಕಾನೂನಿನ ಲೆಕ್ಕದಲ್ಲಿ ಅದು ಗಡಿ ದಾಟಿದ ಸರಕು, ಅದಕ್ಕೂ ಬಿಲ್ ಆಫ್ ಎಂಟ್ರಿ, ಅದಕ್ಕೂ ಈ ಎಂಟು ಅಂಕಿ.

2011ರಿಂದ ಕೋಡ್ ಬರೆದು ಸುಂಕ ಲೆಕ್ಕ ಹಾಕುವ ಹೊಣೆ ಆಮದುದಾರರದೇ, ಸ್ವಯಂ ನಿರ್ಧರಣೆ. ಇಲಾಖೆಗೆ ಅನುಮಾನ ಬಂದರೆ ಎರಡು ವರ್ಷದೊಳಗೆ ನೋಟಿಸ್ ಕೊಡಬಹುದು, ಬೇಕಂತಲೇ ಮುಚ್ಚಿಟ್ಟಿದ್ದರೆ ಐದು ವರ್ಷದವರೆಗೆ. ದೊಡ್ಡ ಸರಕಾದರೆ ಮೊದಲೇ ದೆಹಲಿ ಅಥವಾ ಮುಂಬೈಯ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಕೋಡ್ ಖಚಿತ ಮಾಡಿಕೊಳ್ಳಬಹುದು.

ಹತ್ತು ಸೂಟಿಗೆ ಅಷ್ಟು ದೂರ ಯಾರೂ ಹೋಗಲ್ಲ ಬಿಡಿ. ಅಲ್ಲಿ ಕೆಲಸಕ್ಕೆ ಬರೋದು ಇನ್‌ವಾಯ್ಸಿನ ಒಂದು ಸಾಲು. 'ಸೇಫ್ಟಿ ಸೂಟ್, 10 ಪೀಸ್' ಅಂತ ಬಂದ ಪೆಟ್ಟಿಗೆಯನ್ನು ಯಾರಾದರೂ ತೆರೆಸಿ ನೋಡಲೇಬೇಕು. ಆರ್ಡರ್ ಕೊಡುವಾಗಲೇ ಮಾರುವವರ ಹತ್ತಿರ ಹೀಗೆ ಬರೆಸಿಕೊಳ್ಳಿ: 'ಒಂದೇ ತುಂಡಿನ ಕವರಾಲ್, ಪಾಲಿಪ್ರೊಪಿಲೀನ್ ನಾನ್‌ವೋವನ್, ಹೊರಮುಖಕ್ಕೆ ಮಾತ್ರ ಪಾಲಿಎಥಿಲೀನ್ ಫಿಲ್ಮ್, ಫಿಲ್ಮ್ ಸೇರಿ 65 ಜಿಎಸ್‌ಎಂ, ಹೊಲಿಗೆ ಮೇಲೆ ಟೇಪ್, 10 ಪೀಸ್'. ಜೊತೆಗೆ ಡೇಟಾಶೀಟ್, ಅಂಗೈ ಅಗಲದ ಒಂದು ಬಟ್ಟೆ ತುಂಡು. ಜಿಎಸ್‌ಎಂ ಅಂಕಿ ಫಿಲ್ಮ್ ಸೇರಿಸಿದ್ದೋ ಬಿಟ್ಟಿದ್ದೋ ಅನ್ನೋದನ್ನು ಮಾತ್ರ ಮರೆಯದೆ ಕೇಳಿ, ಕೆಲವು ಡೇಟಾಶೀಟ್‌ಗಳು ಅದನ್ನು ಬರೆದಿರಲ್ಲ.